ಆದಯ್ಯನ ಮರುಪಯಣ: ಪೂರ್ವಿಕರ ಊರನ್ನು ಅರಸುವವರಿಗೊಂದು ಕಾವ್ಯವಿಚಾರ

ಪೂರ್ವಿಕರ ಊರನ್ನು ಹುಡುಕಿಕೊಂಡು ಬರುವವರು ಈಚಿನ ವರುಷಗಳಲ್ಲಿ ಹೆಚ್ಚುತ್ತಲಿದ್ದಾರೆ. ಅಜ್ಜ ಮುತ್ತಜ್ಜರ ಕಾಲಕ್ಕೆ ಊರು ಬಿಟ್ಟ ಮನೆತನಗಳ ಮಕ್ಕಳು ಮುಂಬಯಿ, ಪುಣೆ, ಹೈದರಾಬಾದುಗಳಿಂದಲೂ ಕಡಲಾಚೆಯ ದೇಶಗಳಿಂದಲೂ ಬರುತ್ತಾರೆ. ರಾಯಚೂರು, ದೇವದುರ್ಗ, ಮಾನ್ವಿಗಳ ನಡುವಣ ಕಲ್ಲೂರಿನಂತಹ ಊರುಗಳಲ್ಲಿ ನಿಂತು, ತಮ್ಮ ಮನೆಯಿದ್ದ ಓಣಿ ಯಾವುದು, ಹೊಲ ಯಾವ ದಿಕ್ಕಿಗಿತ್ತು, ಮನೆತನಕ್ಕೆ ದೀಕ್ಷೆಯಿತ್ತ ಗುರುಮನೆ ಯಾವುದು ಎಂದು ವಿಚಾರಿಸುತ್ತಾರೆ. ಊರಿನ ಹಿರಿಯರಿಗೆ ತಿಳಿಯದಿದ್ದರೆ ಮಠಕ್ಕೆ ಬರುತ್ತಾರೆ. ಅವರಲ್ಲಿ ಕೆಲವರಿಗೆ ತಂದೆಯ ಭಾಷೆ ಕನ್ನಡವಾದರೆ ತಾಯಿಯದು ಮರಾಠಿ ಅಥವಾ ತೆಲುಗು; ಮತ್ತೆ ಕೆಲವರ ತಾಯಿ ಬೇರೆ ದೇಶದವಳು, ಬೇರೆ ಮತದವಳು. ಊರಿನ ಗುರುತು ಸಿಕ್ಕಿದ ಮೇಲೆಯೂ ಅವರ ಪ್ರಶ್ನೆ ತೀರುವುದಿಲ್ಲ. ‘ನಾವು ಯಾರವರು?’ ಎಂಬ ಇನ್ನೊಂದು ಪ್ರಶ್ನೆ ಅದರ ಹಿಂದೆಯೇ ಬರುತ್ತದೆ.

ಈ ಪ್ರಶ್ನೆಗೆ ಸಾಹಿತ್ಯದಲ್ಲಿ ಏನು ಉತ್ತರವಿದೆ ಎಂದು ನೋಡುವುದು ಈ ಲೇಖನದ ಉದ್ದೇಶ. ಹೊರನಾಡಿಗೆ ಹೋಗಿ ಬಂದವರ ಪ್ರವಾಸ ಸಾಹಿತ್ಯ ನಮ್ಮಲ್ಲಿ ಸಮೃದ್ಧವಾಗಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆತುದು ವಾಚಕರಿಗೆ ವಿದಿತವೇ ಇದೆ. ಪಟ್ಟಣದಿಂದ ಹಳ್ಳಿಗೆ ಮರಳುವ ಕಥೆಗೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಮಾದರಿಯಾಗಿ ನಿಂತಿದೆ. ಆದರೆ ಒಂದು ನಾಡಿನಲ್ಲಿ ಹುಟ್ಟಿ, ಇನ್ನೊಂದು ನಾಡಿನಲ್ಲಿ ಮನೆ ಮಾಡಿ, ಅನ್ಯಮತದ ಮನೆಯ ಹೆಣ್ಣನ್ನು ಕೈಹಿಡಿದು, ಆ ಬಳಿಕ ಪೂರ್ವಿಕರ ನಾಡಿನತ್ತ ಮುಖಮಾಡಿದವನ ಕಥೆ ಯಾವುದು? ಅದನ್ನು ಅರಸಿ ಹೊಸ ಪುಸ್ತಕಗಳಿಗೆ ಹೋಗಬೇಕಾಗಿಲ್ಲ. ಎಂಟುನೂರು ವರ್ಷಗಳಷ್ಟು ಹಿಂದೆಯೇ ನಮ್ಮ ಇಬ್ಬರು ಮಹಾಕವಿಗಳು ಅದನ್ನು ಬರೆದಿರಿಸಿದ್ದಾರೆ. ಹರಿಹರನ ‘ಆದಯ್ಯನ ರಗಳೆ’, ಅವನ ಸೋದರಳಿಯ ರಾಘವಾಂಕನ ‘ಸೋಮನಾಥ ಚಾರಿತ್ರ’ ಇವೇ ಆ ಕೃತಿಗಳು. ಇವನ್ನು ಶರಣಚರಿತೆಗಳೆಂದು ಓದುವುದು ರೂಢಿ. ವಲಸೆಯ ಕಥೆಯೆಂದು ಓದಿದರೆ ಅವುಗಳ ಹಿರಿಮೆಯೂ ಕೊರತೆಯೂ ಬೇರೊಂದು ಬೆಳಕಿನಲ್ಲಿ ಕಾಣುತ್ತವೆ.

ಕಥೆಯ ಸಾರ ಹೀಗಿದೆ. ಆದಯ್ಯ ಸೌರಾಷ್ಟ್ರದ ವರ್ತಕರ ಮನೆಯ ಮಗ, ಸೋಮನಾಥನ ಭಕ್ತ. ವ್ಯಾಪಾರಕ್ಕಾಗಿ ಪುಲಿಗೆರೆಗೆ ಬರುತ್ತಾನೆ. ಪುಲಿಗೆರೆಯೆಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಆ ಕಾಲಕ್ಕೆ ಜೈನರ ದೊಡ್ಡ ನೆಲೆ. ಅಲ್ಲಿ ಜೈನ ಮನೆಯ ಮಗಳಾದ ಪದ್ಮಾವತಿಗೂ ಆದಯ್ಯನಿಗೂ ಅನುರಾಗ ಮೂಡಿ ಮದುವೆಯಾಗುತ್ತದೆ. ಆದಯ್ಯ ಅಲ್ಲಿಯೇ ನೆಲೆಸುತ್ತಾನೆ. ಮುಂದೆ ಶಿವಭಕ್ತರ ಸತ್ಕಾರದ ವಿಷಯವಾಗಿ ಮಾವನ ಮನೆಯವರೊಡನೆ ವಿರಸ ಹುಟ್ಟಿ, ಮಾತಿಗೆ ಮಾತು ಬೆಳೆದು, ಸೌರಾಷ್ಟ್ರದ ಸೋಮನಾಥನನ್ನೇ ಪುಲಿಗೆರೆಯ ಬಸದಿಗೆ ತರುವೆನೆಂದು ಅವನು ಗಡುವಿಟ್ಟು ಪ್ರತಿಜ್ಞೆ ಮಾಡುತ್ತಾನೆ. ಸೌರಾಷ್ಟ್ರದ ದಾರಿ ಹಿಡಿಯುತ್ತಾನೆ. ಭಕ್ತನ ಬಳಲಿಕೆಗೆ ಮರುಗಿದ ದೇವನು ಅವನಿಗೆ ಎದುರಾಗಿ ಒಲಿಯುತ್ತಾನೆ. ಗಡುವಿನೊಳಗೆ ಬಸದಿಯಲ್ಲಿ ವೃಷಭವಾಹನನಾದ ಸೋಮನಾಥನ ಆವಿರ್ಭಾವವಾಗುತ್ತದೆ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಲ್ಲಿ ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಮೂರ್ತಿಗೆ ಇಂದಿಗೂ ಪೂಜೆ ಸಲ್ಲುತ್ತಲಿದೆ.

ಇಬ್ಬರು ಕವಿಗಳ ಮನೋಧರ್ಮ ಬೇರೆ ಬೇರೆ. ಹರಿಹರನಿಗೆ ಬೇಕಾದುದು ಭಕ್ತಿಯ ಆವೇಗ. ರಗಳೆಯ ಓಟದಲ್ಲಿ ಆದಯ್ಯನ ಮನಸ್ಸು ಒಂದೇ ಕಡೆಗೆ ಹರಿಯುತ್ತದೆ. ಊರು, ದಾರಿ, ಸಂಸಾರ ಎಲ್ಲವೂ ಆ ಹರಿವಿನಲ್ಲಿ ತೇಲಿ ಹೋಗುತ್ತವೆ. ರಾಘವಾಂಕ ನಾಟಕೀಯ ಪ್ರತಿಭೆಯ ಕವಿ. ‘ಹರಿಶ್ಚಂದ್ರ ಕಾವ್ಯ’ದಲ್ಲಿ ಸತ್ಯಕ್ಕೆ ಎದುರಾಳಿಯನ್ನು ನಿಲ್ಲಿಸಿ ಅದರ ಬೆಲೆಯನ್ನು ಅಳೆದಂತೆ, ಇಲ್ಲಿಯೂ ಭಕ್ತಿಗೆ ವಿರೋಧವನ್ನು ಒಡ್ಡಿ, ಮಾತಿನ ಸಂಘರ್ಷದಲ್ಲಿ ಅದನ್ನು ಕಾಣಿಸುತ್ತಾನೆ. ಷಟ್ಪದಿಯ ಬಿಗಿಯಾದ ಕಟ್ಟು ಅದಕ್ಕೆ ಒದಗಿಬಂದಿದೆ. ಇಷ್ಟು ಭೇದವಿದ್ದರೂ ಒಂದು ವಿಷಯದಲ್ಲಿ ಇಬ್ಬರೂ ಒಮ್ಮತದವರು. ಆದಯ್ಯ ಸೌರಾಷ್ಟ್ರದತ್ತ ಹೊರಡುವುದು ಅಲ್ಲಿ ಉಳಿಯಲೆಂದಲ್ಲ. ತಂದೆಯ ಮನೆಯ ಮುಂದೆ ನಿಂತು ಅವನು ಕಣ್ಣೀರಿಡುವ ದೃಶ್ಯವನ್ನು ಬರೆಯಲು ಕವಿಗಳಿಗೆ ಆಸೆಯಿಲ್ಲ. ಕಾವ್ಯದ ಭಾರವೆಲ್ಲ ಬೀಳುವುದು ಅವನ ಮರಳುವಿಕೆಯ ಮೇಲೆ. ಹುಟ್ಟೂರಿನಿಂದ ಅವನಿಗೆ ಬೇಕಾದುದು ಒಂದೇ ವಸ್ತು, ಅದೂ ಬದುಕುತ್ತಿರುವ ಊರಿಗಾಗಿ ಬೇಕು.

ರಾಘವಾಂಕನು ಇದೇ ವಿನ್ಯಾಸವನ್ನು ‘ಸಿದ್ಧರಾಮ ಚಾರಿತ್ರ’ದಲ್ಲಿಯೂ ಬಳಸಿರುವುದು ಗಮನಾರ್ಹ. ಬಾಲಕ ಸಿದ್ಧರಾಮ ಮಲ್ಲಯ್ಯನನ್ನು ಅರಸಿ ಶ್ರೀಶೈಲಕ್ಕೆ ಹೋಗುತ್ತಾನೆ. ದರ್ಶನವಾದ ಬಳಿಕ ಅಲ್ಲಿಯೇ ಇರುವುದು ಆ ಮಗುವಿನ ಆಸೆ. ಆದರೆ ಮಲ್ಲಯ್ಯ ಅವನನ್ನು ಸೊನ್ನಲಿಗೆಗೆ ತಿರುಗಿ ಕಳುಹಿಸುತ್ತಾನೆ. ಅಲ್ಲಿ ಗುಡಿ ಕಟ್ಟಬೇಕು, ಕೆರೆ ತೋಡಬೇಕು. ಶ್ರೀಶೈಲವೇ ಸೊನ್ನಲಿಗೆಗೆ ಬರಬೇಕು. ಎರಡೂ ಕಾವ್ಯಗಳಲ್ಲಿ ಯಾತ್ರೆ ಕೊನೆಗೊಳ್ಳುವುದು ಹೊರಟ ಊರಿನಲ್ಲಿಯೇ. ಯಾತ್ರೆಯ ಫಲ ಒಬ್ಬನ ಪುಣ್ಯವಾಗದೆ ಊರಿನ ಸೊತ್ತಾಗುತ್ತದೆ. ಸೊನ್ನಲಿಗೆ ಇಂದಿನ ಸೊಲ್ಲಾಪುರ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದು ಗಡಿಯಾಚೆ ಉಳಿಯಿತು. ಅಲ್ಲಿಯ ಕನ್ನಡ ಶರಣರು ಹೆಜ್ಜೆ ಕದಲಿಸದೆಯೇ ಹೊರನಾಡಿಗರಾದರು. ಆದರೂ ವರ್ಷವರ್ಷದ ಮಕರ ಸಂಕ್ರಮಣಕ್ಕೆ ಸಿದ್ಧರಾಮೇಶ್ವರನ ಜಾತ್ರೆ ಅಲ್ಲಿ ತಪ್ಪುವುದಿಲ್ಲ. ಗಡಿಯ ಗೆರೆ ಜನರನ್ನು ಬೇರ್ಪಡಿಸಬಹುದು. ಸಿದ್ಧರಾಮ ತೋಡಿಸಿದ ಕೆರೆಯ ನೀರನ್ನು ಬೇರ್ಪಡಿಸಲಾರದು.

ಆದಯ್ಯನ ವಿಷಯದಲ್ಲಿ ಕವಿಗಳು ಹೇಳಿದ್ದಕ್ಕಿಂತ ಬಲವಾದ ಸಾಕ್ಷಿ ಅವನ ವಚನಗಳಲ್ಲಿಯೇ ಇದೆ. ಅವನ ಅಂಕಿತ ‘ಸೌರಾಷ್ಟ್ರ ಸೋಮೇಶ್ವರ’. ವಚನದ ಮೈಯೆಲ್ಲ ಕನ್ನಡ, ಕೊನೆಯ ಮುದ್ರೆ ಸೌರಾಷ್ಟ್ರ. ತಾಯಿಯಿಂದ ಕಲಿತ ನುಡಿಯನ್ನು ಬಿಟ್ಟು, ಬದುಕಿನಿಂದ ಕಲಿತ ನುಡಿಯಲ್ಲಿ ತನ್ನ ಅಂತರಂಗವನ್ನು ತೋಡಿಕೊಂಡವನು ಆತ. ಅದರ ಜೊತೆಗೇ ಪ್ರತಿ ವಚನದ ತುದಿಯಲ್ಲಿ ತಾನು ಎಲ್ಲಿಂದ ಬಂದೆನೆಂಬುದನ್ನು ನೆನೆದವನು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ. ಅಥವಾ ಹೇಳಿದ್ದರೂ ಅವನು ಕೇಳಲಿಲ್ಲ. ಅಂಕಿತದ ಈ ಗುಣ ಆದಯ್ಯನೊಬ್ಬನದೇ ಅಲ್ಲವೆಂಬುದನ್ನೂ ನೆನೆಯಬೇಕು. ಬಸವಣ್ಣನವರು ಕಲ್ಯಾಣದಲ್ಲಿದ್ದು ಕೂಡಲಸಂಗಮನ ಹೆಸರಿನಲ್ಲಿ ನುಡಿದರು. ಊರು ಬಿಟ್ಟವನ ಮಾತಿನಲ್ಲಿ ಊರು ಅಂಕಿತವಾಗಿ ಉಳಿಯುತ್ತದೆ.

ನಮ್ಮ ಕಡೆಯ ಅಡ್ಡಹೆಸರುಗಳಲ್ಲಿಯೂ ಇದೇ ನಡೆದಿದೆ. ಕಲ್ಲೂರಿನೊಳಗೆ ಇರುವವರನ್ನು ಕಲ್ಲೂರಿನವರೆಂದು ಕರೆಯುವ ಅಗತ್ಯ ಆ ಊರಿನಲ್ಲಿ ಯಾರಿಗೂ ಬೀಳುವುದಿಲ್ಲ. ಅಲ್ಲಿ ಮನೆಗಳಿಗೆ ಕಾಯಕದ ಹೆಸರು, ಹಿರಿಯರ ಹೆಸರು ಇರುತ್ತದೆ. ಊರು ಬಿಟ್ಟು ಬೇರೆ ಕಡೆ ನೆಲೆಸಿದವನೇ ‘ಕಲ್ಲೂರ’ ಎನಿಸಿಕೊಳ್ಳುತ್ತಾನೆ. ಹೀಗೆ ಊರಿನ ಹೆಸರನ್ನು ಹೊತ್ತ ಮನೆತನವೆಂದರೆ ಊರು ಬಿಟ್ಟ ಮನೆತನವೆಂದೇ ಅರ್ಥ. ಕಲ್ಲೂರು ಎಂಬ ಹೆಸರಿನ ಊರುಗಳು ಕರ್ನಾಟಕದಲ್ಲಿಯೂ ತೆಲುಗುನಾಡಿನಲ್ಲಿಯೂ ಹಲವು ಇರುವುದರಿಂದ, ಹೆಸರನ್ನೇ ನಂಬಿ ಬಂದವನು ಬೇರೊಂದು ಕಲ್ಲೂರಿನ ಮಣ್ಣನ್ನು ಹಣೆಗೆ ಹಚ್ಚಿಕೊಂಡು ಹೋಗುವ ಸಂಭವವೂ ಇಲ್ಲದಿಲ್ಲ. ಹಾಗೆ ಆದರೂ ಅವನ ಭಾವ ಸುಳ್ಳಾಗುವುದಿಲ್ಲ. ಆದರೆ ಭಾವವನ್ನು ದಾಖಲೆಯೆಂದು ಭ್ರಮಿಸಬಾರದು.

ಇನ್ನು ಕಾವ್ಯದ ಕೊರತೆಯನ್ನು ಹೇಳಬೇಕು. ಭಕ್ತಿಯಿಂದ ಓದುವವನಿಗೆ ವಿಮರ್ಶೆಯ ಹಕ್ಕಿಲ್ಲವೆಂಬುದು ತಪ್ಪು ತಿಳಿವಳಿಕೆ. ನಮ್ಮ ಕವಿಗಳ ಮೇಲಿನ ಗೌರವವೇ ನಮ್ಮಿಂದ ಪ್ರಾಮಾಣಿಕತೆಯನ್ನು ಬೇಡುತ್ತದೆ. ಆದಯ್ಯನಿಗೆ ಒಂದು ತವರುನಾಡಿದೆ. ಅದಕ್ಕಾಗಿ ಕಾವ್ಯವೇ ಎದ್ದು ನಿಲ್ಲುತ್ತದೆ. ಪದ್ಮಾವತಿಗೂ ಒಂದು ತವರಿದೆ. ಅವಳ ಪಾಲಿಗೆ ಕಾವ್ಯದಲ್ಲಿ ಸಿಕ್ಕುವುದೇನು? ಶಿವಭಕ್ತೆಯಾಗಿ ಗಂಡನ ಮನೆ ತುಂಬಿದ ಬಳಿಕ ಅವಳ ಹಿಂದಿನದೆಲ್ಲ ಎದುರುಪಕ್ಷವಾಗಿಬಿಡುತ್ತದೆ. ಅವಳು ಕೈಮುಗಿದು ಬೆಳೆದ ಬಸದಿಯೇ ಗಂಡನ ಪ್ರತಿಜ್ಞೆಯ ಗುರಿಯಾದಾಗ, ಮಗಳಾಗಿ ಅವಳ ಮನಸ್ಸಿನಲ್ಲಿ ಏನು ನಡೆದಿರಬಹುದು ಎಂಬುದನ್ನು ಹರಿಹರನ ಆವೇಗ ಕೇಳುವುದಿಲ್ಲ. ಮಾತಿನ ಸಂಘರ್ಷದಲ್ಲಿ ಸಿದ್ಧಹಸ್ತನಾದ ರಾಘವಾಂಕನೂ ಗಂಡನಿಗೂ ತಂದೆಗೂ ನಡುವೆ ನಿಂತ ಹೆಣ್ಣಿನ ಒಳಸಂಘರ್ಷವನ್ನು ಕೈಬಿಟ್ಟಿದ್ದಾನೆ. ಚಂದ್ರಮತಿಯ ಗೋಳನ್ನು ಅಷ್ಟು ಆಳವಾಗಿ ಕಂಡ ಕವಿ ಪದ್ಮಾವತಿಯ ಮೌನವನ್ನು ಕಾಣದೆ ಹೋದುದು ಸಹೃದಯರಿಗೆ ಕೊರತೆಯಾಗಿಯೇ ತೋರಬೇಕು. ಮತಗಳ ನಡುವೆ ತೀವ್ರ ಸ್ಪರ್ಧೆಯಿದ್ದ ಕಾಲದಲ್ಲಿ ಬರೆದ ಕಾವ್ಯಗಳಿವು. ಗೆಲುವನ್ನು ಹಾಡಬೇಕಾದ ಕವಿಗೆ ಸೋತವರ ಮನೆಯ ನೆನಪನ್ನು ಉಳಿಸುವ ವ್ಯವಧಾನವಿರಲಿಲ್ಲ.

ಕಾವ್ಯ ಬಿಟ್ಟುದನ್ನು ಊರು ಉಳಿಸಿಕೊಂಡಿದೆ. ಲಕ್ಷ್ಮೇಶ್ವರಕ್ಕೆ ಹೋದವರು ಸೋಮೇಶ್ವರನ ದರ್ಶನ ಮಾಡಿ ಹಿಂದಿರುಗಿದರೆ ಅರ್ಧ ಊರನ್ನು ಕಂಡಂತೆ. ಅಲ್ಲಿ ಶಂಖಬಸದಿ ಇದೆ, ಅನಂತನಾಥ ಬಸದಿ ಇದೆ. ಬಿಜಾಪುರದ ಅರಸರ ಕಾಲದ ಮಸೀದಿಯೂ ಇದೆ. ಆದಯ್ಯನ ಊರು ಎಷ್ಟು ನಿಜವೋ ಪದ್ಮಾವತಿಯ ಊರೂ ಅಷ್ಟೇ ನಿಜವೆಂದು ಆ ಕಲ್ಲುಗಳು ಹೇಳುತ್ತವೆ.

ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸಿಕೊಳ್ಳಲು ಪುಲಿಗೆರೆಯ ನುಡಿಯನ್ನೇ ಕೊಂಡಾಡಿದ ಇನ್ನೊಬ್ಬ ಕವಿಯನ್ನು ನೆನೆಯಬಹುದು. ಆದಿಕವಿ ಪಂಪನು 941ರಲ್ಲಿ ರಚಿತವಾದ ‘ವಿಕ್ರಮಾರ್ಜುನ ವಿಜಯ’ಕ್ಕೆ ಪುಲಿಗೆರೆಯ ತಿರುಳ್ಗನ್ನಡವನ್ನು ಆಧಾರವಾಗಿಟ್ಟುಕೊಂಡೆನೆಂದು ಹೇಳಿಕೊಂಡಿದ್ದಾನೆ. ಅವನ ಹಿರಿಯರು ಆಂಧ್ರದ ವೆಂಗಿನಾಡಿನವರು. ಪೂರ್ವಿಕನಾದ ಮಾಧವ ಸೋಮಯಾಜಿ ಯಜ್ಞಗಳನ್ನು ಮಾಡಿದ ಬ್ರಾಹ್ಮಣ. ತಂದೆ ಜೈನಧರ್ಮವನ್ನು ಸ್ವೀಕರಿಸಿದವನು. ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರಿಕ್ಯಾಲದ ಬಳಿ ಬೆಟ್ಟದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಎರಡು ನಾಡು, ಎರಡು ಮತ, ಮೂರು ನುಡಿಗಳ ಮನೆಯಿಂದ ಬಂದವನು ಕನ್ನಡದ ಆದಿಕವಿಯಾದನು. ಅವನು ಇದರಲ್ಲಿ ಯಾವುದನ್ನೂ ಮುಚ್ಚಿಡಲಿಲ್ಲ. ಪೂರ್ವಿಕನ ಯಜ್ಞವನ್ನೂ ತಂದೆಯ ಮತಾಂತರವನ್ನೂ ತನ್ನ ಕಾವ್ಯದಲ್ಲಿ ತಾನೇ ಹೇಳಿಕೊಂಡ. ಬನವಾಸಿಯ ಮೇಲಣ ಹಂಬಲವನ್ನು ಕನ್ನಡದಲ್ಲಿ ಅಮರವಾಗಿಸಿದವನೂ ಅವನೇ. ವಂಶವನ್ನು ಹೇಳಿಕೊಳ್ಳುವ ರೀತಿಯಲ್ಲಿ ನಮ್ಮ ಕವಿಗಳಿಗಿಂತ ಪಂಪ ಹೆಚ್ಚು ಉದಾರನೆಂದು ಒಪ್ಪಲೇಬೇಕು.

ಶರಣಧರ್ಮದಲ್ಲಿ ಇದಕ್ಕೆ ಅವಕಾಶವಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಇತ್ತು. ಕಲ್ಯಾಣವೆಂಬ ಊರೇ ಬಂದವರ ಊರು. ಪರಂಪರೆ ಹೇಳುವಂತೆ ಮೋಳಿಗೆಯ ಮಾರಯ್ಯನೂ ಅವನ ಪತ್ನಿ ಮಹಾದೇವಿಯೂ ಕಾಶ್ಮೀರದವರು. ಬೊಂತಾದೇವಿಯೂ ಆ ಕಡೆಯಿಂದಲೇ ಬಂದವಳು. ಮರುಳಶಂಕರದೇವ ಇಂದಿನ ಅಫಘಾನಿಸ್ತಾನದ ಕಡೆಯಿಂದ ಬಂದವನು. ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’ಯಲ್ಲಿ ಮರುಳಶಂಕರದೇವನ ಪ್ರಸಂಗವನ್ನು ಓದಿದವರಿಗೆ ಗೊತ್ತಿದೆ. ಬಸವಣ್ಣನವರ ಮನೆಯ ಪ್ರಸಾದಕುಂಡದ ಬಳಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇದ್ದ ಆತನನ್ನು ಅಲ್ಲಮಪ್ರಭುಗಳು ಗುರುತಿಸುತ್ತಾರೆ. ಆ ಸಂಪಾದನೆಯ ಜೀವವಿರುವುದು ಈ ಗುರುತಿಸುವಿಕೆಯಲ್ಲಿ. ಪ್ರಭುಗಳು ಹಿಡಿದದ್ದು ಅವನ ಒಳಗಿನ ಅರಿವನ್ನು. ಅವನ ದೇಶ ಯಾವುದು, ಕುಲ ಯಾವುದು ಎಂಬುದು ಅಲ್ಲಿ ಮುಖ್ಯವಾಗುವುದಿಲ್ಲ.

ಆದರೆ ನಮ್ಮ ಪುರಾಣಕಾರರು ಈ ನಿಲುವಿನಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಕಟ್ಟಿಗೆಯ ಹೊರೆ ಹೊತ್ತು ಮಾರಿ ಜಂಗಮಸೇವೆ ಮಾಡಿದ ಮಾರಯ್ಯನ ಕಾಯಕ ಅವರಿಗೆ ಸಾಲಲಿಲ್ಲ. ಅವನು ಹಿಂದೆ ಕಾಶ್ಮೀರದ ಅರಸನಾಗಿದ್ದನೆಂಬುದರಲ್ಲಿ ಅವರಿಗೆ ಸಡಗರ ಹೆಚ್ಚು. ಅರಸುತನ ನಿಜವಾಗಿದ್ದರೂ ಮಾರಯ್ಯ ಅದನ್ನು ಬಿಟ್ಟು ಬಂದವನು. ಬಿಟ್ಟು ಬಂದುದನ್ನು ಮತ್ತೆ ಅವನ ತಲೆಯ ಮೇಲೆ ಹೊರಿಸುವುದು ಅವನಿಗೆ ಮಾಡುವ ಗೌರವವೇ ಎಂದು ಯೋಚಿಸಬೇಕು. ಈ ಪುರಾಣಪ್ರವೃತ್ತಿ ಈಗಲೂ ಅಳಿದಿಲ್ಲ. ಈಚೆಗೆ ಮನೆತನಗಳವರು ಅಚ್ಚುಹಾಕಿಸುವ ವಂಶಾವಳಿಯ ಪುಸ್ತಿಕೆಗಳನ್ನು ನೋಡಿದರೆ ಇದು ತಿಳಿಯುತ್ತದೆ. ಅವುಗಳಲ್ಲಿ ದೇಸಾಯಿತನ, ಗೌಡಿಕೆ, ಅರಸರ ಸನದುಗಳಿಗೆ ಮೊದಲ ಪುಟ. ಬರಗಾಲಕ್ಕೆ ಗುಳೆ ಹೋದ ವರ್ಷ, ಸಾಲಕ್ಕೆ ಹೊಲ ಹೋದ ವರ್ಷ ಅಲ್ಲಿ ಇರುವುದಿಲ್ಲ. ಗಂಡುಮಕ್ಕಳ ಹೆಸರುಗಳು ಏಳೆಂಟು ತಲೆಮಾರಿನವರೆಗೆ ಏರುತ್ತವೆ. ಮನೆಗೆ ಬಂದ ಹೆಣ್ಣುಮಕ್ಕಳ ತವರು ಯಾವುದೆಂದು ಒಂದು ಸಾಲೂ ಸಿಗದು. ಮನೆಯಿಂದ ಹೊರಗೆ ಲಗ್ನವಾದವರ ಹೆಸರಿನ ಮುಂದೆ ಗೆರೆ ನಿಂತುಬಿಡುತ್ತದೆ. ಪದ್ಮಾವತಿಯ ಮೌನ ಎಂಟುನೂರು ವರ್ಷ ಕಳೆದು ನಮ್ಮ ಅಚ್ಚುಮನೆಗಳಿಗೂ ಬಂದಿದೆ.

ಶುದ್ಧವಾದ ಬೇರನ್ನು ಅರಸಿ ಕಲ್ಲೂರಿನ ಕಡೆಗೆ ಬರುವವರಿಗೆ ಆ ನೆಲವೇ ಏನು ಹೇಳುತ್ತದೆ ಎಂಬುದನ್ನೂ ನೋಡೋಣ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಕಲ್ಲೂರಿನಲ್ಲಿ ಪ್ರಾಚೀನವಾದ ತಾಮ್ರದ ಖಡ್ಗಗಳು ದೊರೆತವು. ಹಿಡಿಯ ತುದಿ ಎರಡು ಕೊಂಬುಗಳಂತೆ ಕವಲೊಡೆದ ಆ ಬಗೆಯ ಖಡ್ಗಗಳು ಹೆಚ್ಚಾಗಿ ಸಿಗುವುದು ಗಂಗಾ ಯಮುನೆಗಳ ನಡುವಣ ಬಯಲಿನಲ್ಲಿ. ಅವು ಎರಡು ನದಿಗಳ ನಡುವಿನ ಆ ನಾಡಿನಿಂದ ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನಾಡಿಗೆ ಬಂದವೋ, ಅಥವಾ ಆ ಕುಶಲತೆಯೇ ಕೈಯಿಂದ ಕೈಗೆ ಸಾಗಿ ಬಂದಿತೋ, ಅಂತೂ ಚರಿತ್ರೆ ಬರೆಯುವುದಕ್ಕೆ ಮೊದಲೇ ಇಲ್ಲಿಗೆ ದೂರದ ನಂಟು ಇತ್ತು. ಅದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನ ಅಶೋಕನ ಹೆಸರನ್ನು ಹೇಳಿದ್ದು ಪ್ರಾಕೃತದಲ್ಲಿ. ರಾಯಚೂರು ಕೋಟೆಯ 1294ರ ಕಾಕತೀಯರ ಕಾಲದ ಶಾಸನ ಇರುವುದು ತೆಲುಗಿನಲ್ಲಿ. ಮುಂದೆ ವಿಜಯನಗರ, ಬಹಮನಿ, ಬಿಜಾಪುರಗಳವರು ಈ ನೆಲಕ್ಕಾಗಿ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. ಬಳಿಕ ನಿಜಾಮರ ಆಳ್ವಿಕೆಯಲ್ಲಿ ಕಚೇರಿಗೂ ಶಾಲೆಗೂ ಉರ್ದು ಬಂದಿತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತಕ್ಕೆ ಸೇರಿ, 1956ರ ನವೆಂಬರ್ 1ರಂದು ಜಿಲ್ಲೆ ವಿಶಾಲ ಮೈಸೂರಿಗೆ ಸೇರಿತು. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಮಾನ್ವಿ, ಸಿಂಧನೂರುಗಳ ಸುತ್ತ ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನವನ್ನು ಬಿಟ್ಟುಬಂದ ಬಂಗಾಳಿ ಕುಟುಂಬಗಳಿಗೆ ಸಿಂಧನೂರಿನ ಸೀಮೆಯಲ್ಲಿ ಪುನರ್ವಸತಿ ದೊರೆಯಿತು. ಆ ಮನೆಗಳ ಮಕ್ಕಳಿಗೆ ಹುಟ್ಟೂರು ಯಾವುದೆಂದು ಕೇಳಿದರೆ ಅವರು ಸಿಂಧನೂರೆಂದೇ ಹೇಳಬೇಕು. ಅತ್ತ ಇದೇ ದೋಆಬಿನ ಒಣಬೇಸಾಯದ ಹಳ್ಳಿಗಳಿಂದ, ಮುಖ್ಯವಾಗಿ ದೇವದುರ್ಗದ ಕಡೆಯಿಂದ, ಬೆಂಗಳೂರು ಪುಣೆಗಳಿಗೆ ಗುಳೆ ಹೋಗುವವರ ಗಂಟುಮೂಟೆಗಳು ಇನ್ನೂ ನಿಂತಿಲ್ಲ. ಒಂದು ಕಡೆಯಿಂದ ಬರುವವರು, ಒಂದು ಕಡೆಯಿಂದ ಹೋಗುವವರು. ಈ ನೆಲ ಯಾವ ಕಾಲಕ್ಕೂ ಒಬ್ಬರದೇ ಆಗಿ ನಿಂತುದಿಲ್ಲ.

ಸಾಹಿತ್ಯದಲ್ಲಿಯೂ ಇದೇ ಕೊಡುಕೊಳ್ಳುವಿಕೆ. ಬಸವಣ್ಣನವರ ಚರಿತೆಯನ್ನು ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ‘ಬಸವಪುರಾಣ’ವಾಗಿ ಹಾಡಿದನು, ಭೀಮಕವಿ 1369ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಕನ್ನಡ ನೆಲದ ಕಥೆ ತೆಲುಗುನಾಡಿಗೆ ಹೋಗಿ, ಅಲ್ಲಿಯ ಬಣ್ಣವನ್ನು ಹೊತ್ತು, ಮರಳಿ ಬಂದಿತು. ಹಾಗೆ ಬಂದ ಪುರಾಣವನ್ನು ನಮ್ಮ ಮಠಗಳಲ್ಲಿ ಶತಮಾನಗಳ ಕಾಲ ಹಚ್ಚಿ ಓದಿಸಿದ್ದೇವೆ. ಹೊರಗೆ ಹೋಗಿ ಬಂದಿತೆಂದು ಅದನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ. ನಮ್ಮ ಕಾಲದಲ್ಲಿ ರಾಯಚೂರು ಜಿಲ್ಲೆಯ ಹೆಂಬೆರಾಳಿನ ಶಾಂತರಸರು, 2006ರ ಬೀದರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು, ಉರ್ದುವಿನ ಗಜಲನ್ನು ಕನ್ನಡದ ಮಣ್ಣಿಗೆ ಒಗ್ಗಿಸಿದರು. ಅವರ ಗಜಲುಗಳು ಅಚ್ಚ ಕನ್ನಡದ ಕವಿತೆಗಳೇ. ನಿಜಾಮರ ಕಾಲದ ಉರ್ದು ಬರಿಯ ಹೊರೆಯಾಗಿ ಉಳಿಯದೆ ಕವಿತೆಯ ಒಡವೆಯಾದುದಕ್ಕೆ ಅವು ನಿದರ್ಶನ. ಬೆರಕೆಯಿಂದ ಸತ್ವ ಕೆಡುತ್ತದೆಂಬ ಮಾತನ್ನು ನಮ್ಮ ಸೀಮೆಯ ಸಾಹಿತ್ಯವಂತೂ ಪುಷ್ಟೀಕರಿಸುವುದಿಲ್ಲ.

ಇಷ್ಟನ್ನು ಹೇಳಿದ ಮೇಲೆ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬೇಕು. ತಾಯಿ ಅನ್ಯಮತದವಳಾದ ಮಗು ಪೂರ್ವಿಕರ ಊರಿಗೆ ಬಂದು, ಲಿಂಗದೀಕ್ಷೆ ತನಗೆ ಸಲ್ಲುವುದೇ ಎಂದು ಕೇಳಿದಾಗ ನಮ್ಮಲ್ಲಿ ಕೆಲವರು ಗೋತ್ರಸೂತ್ರಗಳ ಲೆಕ್ಕ ತೆಗೆಯುತ್ತಾರೆ. ಕೆಲವರು ಮುಜುಗರದಿಂದ ಸುಮ್ಮನಾಗುತ್ತಾರೆ. ಇವೆರಡೂ ಸಲ್ಲದ ನಡೆಗಳು. ದೀಕ್ಷೆಯಾದವನು ಗುರುಕರಸಂಜಾತನೆಂದು ಶಾಸ್ತ್ರ ಹೇಳುತ್ತದೆ. ಗುರುವಿನ ಕೈಯಲ್ಲಿ ಹುಟ್ಟಿದವನಿಗೆ ಹಿಂದಿನ ಹುಟ್ಟಿನ ಲೆಕ್ಕವನ್ನು ಕೇಳುವುದು ಆ ಶಾಸ್ತ್ರವನ್ನೇ ಸುಳ್ಳುಮಾಡಿದಂತೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಲಗ್ನಕ್ಕಾಗಿ ಕಲ್ಯಾಣ ತನ್ನನ್ನೇ ಸುಟ್ಟುಕೊಂಡಿತು. ಆ ತ್ಯಾಗದ ಹೆಸರಿನಲ್ಲಿ ಉತ್ಸವ ಮಾಡುವ ನಾವು ಅಂಥದೇ ಲಗ್ನದ ಮಕ್ಕಳನ್ನು ಹೊಸ್ತಿಲಲ್ಲಿ ನಿಲ್ಲಿಸುವುದು ಹೇಗೆ ನ್ಯಾಯವಾದೀತು? ಇದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಬೇಕು, ಮತ್ತು ಅದನ್ನು ನಮಗೆ ಕಲಿಸುವುದು ಕಾವ್ಯದ ಕೊರತೆಯೇ. ದೀಕ್ಷೆ ಪಡೆದ ಮಗುವಿಗೆ ತಾಯಿಯ ಮನೆಯನ್ನು ಮರೆಯೆಂದು ಹೇಳುವ ಅಧಿಕಾರ ಗುರುವಿಗಿಲ್ಲ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವನು ತಾಯಿಯ ನುಡಿಯನ್ನು ನಾಲಗೆಯ ಮೇಲೆ ಧರಿಸಬಹುದು. ಸೌರಾಷ್ಟ್ರವನ್ನು ಅಂಕಿತದಲ್ಲಿಟ್ಟುಕೊಂಡ ಆದಯ್ಯನಿಗೆ ಸಂದ ಹಕ್ಕು ಪದ್ಮಾವತಿಯ ಮಕ್ಕಳಿಗೂ ಸಲ್ಲಬೇಕು.

ಊರನ್ನು ಅರಸಿ ಬರುವವರಿಗೂ ಒಂದು ವಿನಂತಿ. ಕಡಲಾಚೆ ನೆಲೆಸಿದ ನಮ್ಮ ಶರಣಬಂಧುಗಳು ಮಾಡಿದ ಕಾರ್ಯ ಅಲ್ಪವಲ್ಲ. 1970ರ ದಶಕದ ಕೊನೆಯಲ್ಲಿಯೇ ಉತ್ತರ ಅಮೆರಿಕದಲ್ಲಿ ಅವರು ವೀರಶೈವ ಸಮಾಜವನ್ನು ಕಟ್ಟಿದರು. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಆದಯ್ಯ ಸೋಮನಾಥನನ್ನು ಪುಲಿಗೆರೆಗೆ ತಂದಂತೆ ಇವರು ತಮ್ಮ ಆರಾಧ್ಯನನ್ನು ತಾವು ಬದುಕುವ ಊರಿಗೆ ಕರೆದೊಯ್ದರು. ಆದರೆ ಸಿದ್ಧರಾಮನ ಪಾಠವೂ ನೆನಪಿರಬೇಕು. ಗುಡಿಯೊಂದಿಗೆ ಕೆರೆಯೂ ಆಗಬೇಕು. ಹಾಳುಗೋಡೆಯ ಮುಂದೆ ಛಾಯಾಚಿತ್ರ ತೆಗೆಸಿಕೊಂಡು, ಒಂದು ಹಿಡಿ ಮಣ್ಣು ಕಟ್ಟಿಕೊಂಡು ಹೋದರೆ ಊರಿನ ಋಣ ತೀರುವುದಿಲ್ಲ. ಆ ಓಣಿಯಲ್ಲಿ ಇಂದು ವಾಸವಾಗಿರುವವರು ತಮ್ಮ ರಕ್ತಸಂಬಂಧಿಗಳಾಗಿರಲಿಕ್ಕಿಲ್ಲ. ಕ್ಯಾಂಪಿನಿಂದ ಬಂದವರಿರಬಹುದು, ಬೇರೆ ಮತದವರಿರಬಹುದು. ಊರನ್ನು ಊರಾಗಿ ಉಳಿಸಿದವರು ಅವರೇ. ಅವರ ಶಾಲೆ, ಅವರ ಕುಡಿಯುವ ನೀರು, ಗುಳೆ ಹೋದವರ ಮಕ್ಕಳ ಓದು ಇವು ನಮ್ಮ ಪೂರ್ವಿಕರ ನೆಲಕ್ಕೆ ಸಲ್ಲಬೇಕಾದ ನಿಜವಾದ ಕಾಣಿಕೆ. ವಂಶಾವಳಿಯನ್ನು ಬರೆಸುವವರು ಅಜ್ಜಿಯರ ತವರನ್ನೂ ಬರೆಸಲಿ. ಗುಳೆ ಹೋದ ವರ್ಷವನ್ನೂ ಬರೆಸಲಿ. ಹೊರಗೆ ಲಗ್ನವಾದ ಮಗಳ ಹೆಸರಿನ ಮುಂದಿನ ಗೆರೆಯನ್ನು ಮುಂದಕ್ಕೆ ಎಳೆಸಲಿ.

ಹರಿಹರ ರಾಘವಾಂಕರನ್ನು ಮತ್ತೆ ಓದಬೇಕಾದುದು ಈ ಕಾರಣಕ್ಕೆ. ಪೂರ್ವಿಕರ ನಾಡಿಗೆ ಏಕೆ ಹೋಗಬೇಕೆಂಬುದನ್ನು ಅವರು ಸರಿಯಾಗಿ ಹೇಳಿದ್ದಾರೆ: ಬದುಕುವ ಊರಿಗೆ ಏನನ್ನಾದರೂ ತರಲು. ಮನೆಯೊಳಗಿನ ಇನ್ನೊಂದು ಪೂರ್ವಿಕರ ನಾಡನ್ನು ಅವರು ಕಾಣಲಿಲ್ಲ. ಅದನ್ನು ಕಾಣುವ ಹೊಣೆ ಅವರ ಕಾವ್ಯವನ್ನು ಪಾರ್ಥಿವವಾಗಿಯೂ ಪಾರಮಾರ್ಥಿಕವಾಗಿಯೂ ಬಾಧ್ಯತೆಯಾಗಿ ಪಡೆದ ನಮ್ಮ ಮೇಲೆ ಬಿದ್ದಿದೆ.